ಬಾವಿ ಕಡೆಯಿಂದ ಮೂರನೇ ಮನೆ

ನನ್ನ ಗಂಡ ಬೆರಳು ಚಾಚಿ ಏನನ್ನೂ ತೋರಿಸಿದವನಲ್ಲ. ಎಲ್ಲಕ್ಕೂ ಗದ್ದ. ಉಪ್ಪಿನ ಡಬ್ಬಿ ಎಲ್ಲಿದೆ ಅಂದರೆ ಗದ್ದ ಎತ್ತುತ್ತಿದ್ದ, ಬಸ್ಸು ಯಾವ ಕಡೆಯಿಂದ ಬರುತ್ತದೆ ಅಂದರೆ ಗದ್ದ ತಿರುಗಿಸುತ್ತಿದ್ದ. ಕೈಯಲ್ಲಿ ಸದಾ ಏನಾದರೊಂದು ಇರುತ್ತಿತ್ತು, ಬುಟ್ಟಿಯೋ ಸನಿಕೆಯೋ. "ಬಾಯಿ ಇದೆಯಲ್ಲ, ಹೇಳೋಕೇನು ರೋಗ?" ಅಂತ ಬೈಯುತ್ತಿದ್ದೆ. ಅದಕ್ಕೂ ಗದ್ದವನ್ನೇ ಆಡಿಸುತ್ತಿದ್ದ.

ಗಂಡನನ್ನು ಅವರು, ಇವರು ಅಂತ ಬರೆಯಬೇಕು ಎಂದು ಮಗಳು ಹೇಳಿದಳು. ಅವನು ಇದ್ದಾಗ ನಾನು ಹಾಗೆ ಕರೆದವಳಲ್ಲ. ಸತ್ತ ಮೇಲೆ ಶುರು ಮಾಡಿದರೆ ಬೇರೆ ಯಾರದೋ ವಿಷಯ ಬರೆದ ಹಾಗಾಗುತ್ತದೆ.

ಊರಾಚೆ ದೊಡ್ಡಮನೆ ಇದೆ. ಹಿಂದಿನ ಕಾಲದ ಕಬ್ಬಿನ ತೋಟದ ಧಣಿಗಳು ಕಟ್ಟಿಸಿದ್ದು. ಈಗ ಸರ್ಕಾರದ್ದು. ಟಿಕೆಟ್ ಕೊಂಡು ಒಳಗೆ ಹೋದರೆ ಮಂಚ, ನಿಲುವುಗನ್ನಡಿ, ಉದ್ದ ಮೇಜು, ಮೇಜಿನ ತುಂಬ ಯಾರೂ ಉಣ್ಣದ ತಟ್ಟೆಗಳು. ಮನೆಯ ಹಿಂದೆ ಗಾಣದ ಮನೆಯ ಅಡಿಪಾಯ, ಕೊಪ್ಪರಿಗೆ ಕೂರಿಸುತ್ತಿದ್ದ ಒಲೆಗಳ ಹಳ್ಳ, ಅರ್ಧ ಬಿದ್ದ ಹೊಗೆಗೂಡು. ಅದಕ್ಕೂ ಹಿಂದೆ ಸಾಲುಮನೆ. ಅದು ಕೂಲಿಯವರದು. ರೈಲಿನ ಡಬ್ಬಿಗಳ ಹಾಗೆ ಒಂದಕ್ಕೊಂದು ಅಂಟಿಕೊಂಡ ಎಂಟು ಕೋಣೆ. ಸಾಲಿನ ಒಂದು ತುದಿಗೆ ಬಾವಿ, ಇನ್ನೊಂದು ತುದಿ ದೊಡ್ಡಮನೆಯ ಹಿತ್ತಿಲಿಗೆ ಮುಟ್ಟುತ್ತಿತ್ತು.

ನನ್ನ ಗಂಡ ಹುಟ್ಟಿದ್ದು ಅಲ್ಲೇ, ಮೂರನೇ ಮನೆಯಲ್ಲಿ.

ಮೂರನೇ ಮನೆ ಅಂದರೆ ಬಾವಿ ಕಡೆಯಿಂದ ಮೂರನೇದು. ಸಾಲುಮನೆಯವರು ಹಾಗೇ ಎಣಿಸುತ್ತಿದ್ದದ್ದು. ನೀರಿಗೆ ಹತ್ತಿರ ಇದ್ದವರು ಒಂದನೇ ಮನೆ, ದೂರ ಇದ್ದವರು ಎಂಟನೇ ಮನೆ. ದೊಡ್ಡಮನೆ ಕಡೆಯಿಂದ ಎಣಿಸುವುದು ಯಾರ ತಲೆಗೂ ಬರುತ್ತಿರಲಿಲ್ಲ. ಆ ತುದಿಗೆ ಎದುರಾಗಿ ಕೂಲಿಯವರನ್ನು ಕಾಯುವ ಮೇಸ್ತ್ರಿಯ ಕಿಟಕಿ ಇತ್ತು. "ಎಂಟನೇ ಮನೆಯವರು ಕೆಮ್ಮೋಕೂ ಹೆದರ್ತಿದ್ರು" ಅಂತ ನಮ್ಮತ್ತೆ ಹೇಳುತ್ತಿದ್ದಳು.

ನಮ್ಮತ್ತೆ ಎಡಚಿ. ಎಡಗೈಯಲ್ಲಿ ಕಬ್ಬು ಕಡಿಯುತ್ತಿದ್ದಳು, ಎಡಗೈಯಲ್ಲೇ ಮುದ್ದೆಗಟ್ಟಿ ಮಗನ ಬಾಯಿಗೆ ಅನ್ನ ತುರುಕುತ್ತಿದ್ದಳು, ಎಡಗೈಯಲ್ಲೇ ಬಾರಿಸುತ್ತಿದ್ದಳು. ಆರನೇ ಮನೆಯವಳ ಜೊತೆ ಅವಳಿಗೆ ಜನ್ಮಕ್ಕಂಟಿದ ಜಗಳ. ಆ ಹೆಂಗಸು ಸಂಜೆಯೇ ಬಂದು ಬಾವಿಕಟ್ಟೆಯ ಮೇಲೆ ಖಾಲಿ ಕೊಡ ಇಟ್ಟು ಹೋಗುತ್ತಿದ್ದಳಂತೆ, ಬೆಳಗ್ಗೆ ಮೊದಲ ನೀರು ತನಗೇ ಸಿಗಲಿ ಅಂತ. ಅವಳ ಹೆಸರೇ ಕೊಡದಮ್ಮ ಆಗಿಹೋಗಿತ್ತು. ಮುದಿವಯಸ್ಸಿನಲ್ಲಿ ಅತ್ತೆ ನಮ್ಮ ಮನೆಯಲ್ಲಿ ಹಾಸಿಗೆ ಹಿಡಿದಿದ್ದಾಗ ಸುದ್ದಿ ಬಂತು.

"ಅತ್ತೆ, ಕೊಡದಮ್ಮ ಹೋಗಿಬಿಟ್ಟಳಂತೆ."

ಅತ್ತೆ ಸುಮ್ಮನೆ ಗೋಡೆ ನೋಡಿದಳು. ಅಳುತ್ತಾಳೇನೋ ಅಂದುಕೊಂಡೆ.

"ನೋಡು, ಅಲ್ಲೂ ಮೊದಲೇ ಹೋಗಿ ಕೊಡ ಇಟ್ಕೊಂಡ್ಳು" ಅಂದಳು.

ನನ್ನ ಗಂಡ ಚಿಕ್ಕವನಿದ್ದಾಗಲೇ ತೋಟ ಮುಚ್ಚಿತು. ಸಾಲುಮನೆಯ ಹೆಂಚು ಯಾರೋ ಇಳಿಸಿಕೊಂಡು ಹೋದರು. ಗೋಡೆ ಕುಸಿಯಿತು, ಮುಳ್ಳು ಬೆಳೆಯಿತು. ಇವನು ಲಾರಿಗೆ ಮೂಟೆ ಹೊತ್ತ, ಇಟ್ಟಿಗೆ ಹೊತ್ತ, ನನ್ನನ್ನು ಕಟ್ಟಿಕೊಂಡ. ದೊಡ್ಡಮನೆಯನ್ನು ಸರ್ಕಾರ ತೆಗೆದುಕೊಂಡ ಮೇಲೆ ಅಲ್ಲಿ ತೋಟದ ಕೆಲಸಕ್ಕೆ ಸೇರಿದ. ಆಮೇಲೆ ಹಳೇ ಕಾಲದ ಕುರುಹು ಹುಡುಕುವ ಒಬ್ಬಳು ಮೇಡಂ ಬಂದು ಹಿಂದಿನ ಜಾಗವನ್ನೆಲ್ಲ ಅಗೆಸಲು ಶುರು ಮಾಡಿದಾಗ ಇವನೂ ಹಳ್ಳಕ್ಕಿಳಿದ. ಸನಿಕೆ ಕೊಟ್ಟರು, ಆಮೇಲೆ ಕರಣೆ ಕೊಟ್ಟರು, ಆಮೇಲೆ ಕುಂಚ. ಗೋಡೆಗೆ ಬಣ್ಣ ಬಳಿಯುವ ಕುಂಚ. ಅದರಲ್ಲಿ ಮಣ್ಣು ಗುಡಿಸಬೇಕು, ಅದೂ ಮಗುವಿನ ಮುಖ ಒರೆಸಿದ ಹಾಗೆ. ಜೊತೆಯವರು ಬ್ರಷ್ಷಣ್ಣ ಅಂತ ಹೆಸರಿಟ್ಟರು. ಮನೆಗೆ ಬಂದು ಅದೇ ಚಾಳಿ. ಊಟದ ತಟ್ಟೆಯ ಪಕ್ಕ ಒಂದು ಅಗುಳು ಬಿದ್ದಿದ್ದರೆ ಸುತ್ತ ನೋಡಿ, ಊದಿ, ಆಮೇಲೆ ಎತ್ತುತ್ತಿದ್ದ.

"ತಿನ್ನು ಮಾರಾಯ, ಅದು ನಿನ್ನೆ ಬೇಯ್ಸಿದ್ದು, ಹಳೇ ಕಾಲದ್ದಲ್ಲ" ಅನ್ನುತ್ತಿದ್ದೆ.

ನನ್ನದು ಇಸ್ತ್ರಿ ಅಂಗಡಿ, ಬೀದಿಗೆ ಬಾಗಿಲು. ಒಂದು ಮಧ್ಯಾಹ್ನ ಕೆಲಸ ಬಿಟ್ಟು ನೇರ ಅಲ್ಲಿಗೇ ಬಂದ. ಹುಬ್ಬಿನ ಮೇಲೆಲ್ಲ ಧೂಳು. ಬಂದವನೇ ಬಟ್ಟೆಗಂಟಿನ ಮೇಲೆ ಕೂತ.

"ಯಾರಾದ್ರೂ ಬೈದ್ರಾ?"

"ಅಮ್ಮನ ಒಲೆ ಸಿಕ್ತು ಕಣೇ."

"ಒಲೆ ಮೇಲೆ ಹೆಸರು ಬರ್ದಿತ್ತಾ?"

"ಬಾಯಿ ಎಡಕ್ಕಿದೆ. ಮಿಕ್ಕ ಎಲ್ಲ ಮನೇಲೂ ಬಲಕ್ಕಿದೆ. ಕಟ್ಟಿಗೆ ಎಡಗೈಲಿ ತಳ್ತಿದ್ಳಲ್ಲ."

ಅಷ್ಟು ಹೇಳಿ ಅಳತೊಡಗಿದ. ಅತ್ತೆ ಸತ್ತಾಗಲೂ ಅವನು ಹಾಗೆ ಅತ್ತಿರಲಿಲ್ಲ. ನಾನು ನೋಡುತ್ತ ನಿಂತೆ, ಕೈಕೆಳಗೆ ಯಾರದೋ ಅಂಗಿ ಸುಟ್ಟು ಕಪ್ಪಾಯಿತು. ರಜದ ದಿನ ನನ್ನನ್ನೂ ಕರೆದುಕೊಂಡು ಹೋಗಿ ತೋರಿಸಿದ. ನೆಲದಲ್ಲಿ ಮೊಣಕೈ ಉದ್ದದ ಗುಳಿ, ಸುಟ್ಟು ಕೆಂಪಾದ ಮಣ್ಣು, ಒಂದು ಕಡೆ ಒಡೆದ ದಂಡೆ. ನೋಡಿದರೆ ಏನೂ ಇಲ್ಲ. ಅವನು ಮಾತ್ರ ಚಪ್ಪಲಿ ಬಿಟ್ಟು ನಿಂತಿದ್ದ.

ಅದೇ ವರ್ಷ ಸುದ್ದಿ ಹೊರಟಿತು. ದೊಡ್ಡಮನೆಗೆ ಜನ ಹೆಚ್ಚಾಗುತ್ತಿದ್ದಾರೆ, ಬಸ್ಸು ಕಾರು ನಿಲ್ಲಿಸಲು ಜಾಗ ಬೇಕು, ಸಾಲುಮನೆ ಅಗೆದದ್ದನ್ನು ಮುಚ್ಚಿ ಜಲ್ಲಿ ಹಾಕುತ್ತಾರೆ ಅಂತ. ಫೋಟೋ ತೆಗೆದಾಯಿತು, ಅಳತೆ ಬರೆದಾಯಿತು, ಇನ್ನೇನು ಬೇಕು ಅಂತ ಅವರ ಲೆಕ್ಕ. ನನ್ನ ಗಂಡ ಮೇಡಂ ಹಿಂದೆ ಬಿದ್ದ. ಬೆಳಗ್ಗೆ ಅದೇ ಮಾತು, ಸಂಜೆ ಅದೇ ಮಾತು. ಕೊನೆಗೆ ಆಕೆ ಬೇಸತ್ತೋ ಮನಸ್ಸು ಕರಗಿಯೋ ಮೇಲಿನ ಸಾಹೇಬರನ್ನು ಕರೆಸಿದಳು. ಅವರು ಬಂದು ಹಳ್ಳದ ಅಂಚಿನಲ್ಲಿ ನಿಂತು, ಒಂದು ಕೋಣೆ ಮಾದರಿಗೆ ಇರಲಿ, ಮೇಲೆ ಶೀಟು ಹಾಕಿಸೋಣ ಅಂದರು.

ಆಮೇಲೆ ಆದದ್ದನ್ನು ನನ್ನ ಗಂಡ ಎಷ್ಟು ಸಲ ಆಡಿ ತೋರಿಸಿದ್ದಾನೋ. ಅಡುಗೆಮನೆಯೇ ಹಳ್ಳ, ನಾನೇ ಸಾಹೇಬರು.

"ಯಾವ ಕೋಣೆ ಉಳಿಸೋಣ?" ಅಂತ ಸಾಹೇಬರು.

"ಮೂರನೇದು ಸಾರ್" ಅಂತ ಇವನು. ತಲೆಯ ಮೇಲೆ ಮಣ್ಣಿನ ಬುಟ್ಟಿ, ಎರಡೂ ಕೈ ಬುಟ್ಟಿಯ ಮೇಲೆ. ಗದ್ದ ಎತ್ತಿ ತೋರಿಸಿದ.

"ಮೂರನೇದು, ಬರ್ಕೊಳ್ರಿ" ಅಂತ ಸಾಹೇಬರು ಇಂಜಿನಿಯರಿಗೆ.

ಮುಗಿಯಿತು. ನನ್ನ ಗಂಡನಿಗೆ ಲಾಟರಿ ಹೊಡೆದ ಹಾಗಾಗಿತ್ತು. ನನಗೂ ಕೇಳಿ ಕೇಳಿ ಬಾಯಿಪಾಠ ಆಗಿತ್ತು. ಆದರೆ ಇಂಜಿನಿಯರು ಎಲ್ಲಿ ನಿಂತಿದ್ದ ಅಂತ ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಕೆಲಸ ಶುರುವಾಗುವ ಮೊದಲೇ ಅವನಿಗೆ ಎದೆನೋವು ಬಂತು. ಆಸ್ಪತ್ರೆಗೆ ಸೇರಿಸಿದೆವು. ಮೇಡಂ ಆ ಹೊತ್ತಿಗೆ ಬೇರೆ ಊರಿನ ಹಳ್ಳಕ್ಕೆ ಹೋಗಿಬಿಟ್ಟಿದ್ದಳು. ಮೂಗಿಗೆ ನಳಿಕೆ ಹಾಕಿಕೊಂಡು ಮಲಗಿದ್ದರೂ ಇವನಿಗೆ ಅದೇ ಯೋಚನೆ.

"ಶೀಟು ಹಾಕಿದ್ರಂತಾ?"

"ಉಸಿರು ತಗೋ ಮೊದ್ಲು."

"ಕೇಳು ಒಂದ್ಸಲ."

ದೊಡ್ಡಮನೆಯ ಟಿಕೆಟ್ ಕೊಡುವವನಿಗೆ ಫೋನ್ ಮಾಡಿದೆ. "ಹಾಕಿದಾರೆ ಅತ್ತಿಗೆ, ಮೂರನೇ ಮನೆಗೆ. ನೀಲಿ ಶೀಟು, ನಾಲ್ಕು ಕಂಬ, ಸುತ್ತ ಹಗ್ಗ. ಜೋರಾಗಿದೆ. ಅಣ್ಣಂಗೆ ಹೇಳಿ" ಅಂದ. ಫೋನನ್ನು ಇವನ ಕಿವಿಗೇ ಇಟ್ಟೆ. ಇವನು ಕೇಳಿಸಿಕೊಂಡು ಕಣ್ಣು ಮುಚ್ಚಿದ. ಮುಖದಲ್ಲಿ ಒಂದು ತರಹದ ಸಮಾಧಾನ ಇತ್ತು. ಅದನ್ನು ಈಗ ನೆನೆದರೆ ನನಗೆ ಮೈ ಉರಿಯುತ್ತದೆ. ಆ ವಾರ ದಾಟಲಿಲ್ಲ ಅವನು.

ಎಲ್ಲ ಮುಗಿದು, ಬಂದವರೆಲ್ಲ ಹೋದ ಮೇಲೆ, ಮನೆಯಲ್ಲಿ ಕೂರಲಾಗದೆ ಒಂದು ದಿನ ಅಲ್ಲಿಗೆ ಹೋದೆ. ಅವನು ನೋಡಲಾಗದ್ದನ್ನು ನಾನಾದರೂ ನೋಡಿ ಬರೋಣ ಅಂತ. ನೀಲಿ ಶೀಟು ದೂರದಿಂದಲೇ ಕಂಡಿತು. ಹಗ್ಗದ ಹತ್ತಿರ ಹೋಗಿ ಬಗ್ಗಿ ನೋಡಿದೆ. ಗುಳಿ ಇತ್ತು, ಕೆಂಪು ಮಣ್ಣು ಇತ್ತು. ಬಾಯಿ ಬಲಕ್ಕಿತ್ತು.

ನಾನೇ ತಿರುಗಿ ನಿಂತಿದ್ದೇನೇನೋ ಅಂತ ಬಾಗಿಲಿದ್ದ ಕಡೆ ನೋಡಿಕೊಂಡು, ಒಳಕ್ಕೆ ಮುಖ ಮಾಡಿ ನಿಂತು ಮತ್ತೆ ನೋಡಿದೆ. ಆಗಲೂ ಬಲಕ್ಕೇ. ಬಾವಿಗೆ ಕಬ್ಬಿಣದ ಜಾಲರಿ ಹಾಕಿದ್ದರು. ಅಲ್ಲಿಂದ ಮನೆಗಿಷ್ಟು ಹೆಜ್ಜೆ ಅಂತ ಎಣಿಸುತ್ತ ನಡೆದು ಬಂದೆ. ಇವರು ಶೀಟು ಹಾಕಿದ್ದು ಆರನೇ ಮನೆಗೆ. ದೊಡ್ಡಮನೆ ಕಡೆಯಿಂದ ಎಣಿಸಿದರೆ ಅದು ಮೂರನೇದು. ನಮ್ಮ ಮೂರನೇ ಮನೆಯ ಮೇಲೆ ಜಲ್ಲಿ, ಜಲ್ಲಿಯ ಮೇಲೆ ಒಂದು ಬಸ್ಸು. ಬಸ್ಸಿನಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು.

ಕೊಡದಮ್ಮನ ಮನೆ! ನಮ್ಮತ್ತೆ ಇದ್ದಿದ್ದರೆ ಆ ಶೀಟನ್ನು ಹಲ್ಲಿನಲ್ಲೇ ಕಿತ್ತುಹಾಕುತ್ತಿದ್ದಳು.

ಇಂಜಿನಿಯರನ್ನು ಹುಡುಕಿಕೊಂಡು ಹೋದೆ. ಅವನು ದೊಡ್ಡಮನೆಯ ಪಕ್ಕದ ಕೋಣೆಯಲ್ಲಿ ಕೂರುತ್ತಿದ್ದ. ನನ್ನನ್ನು ನೋಡಿದವನೇ ಮುಖ ಸಣ್ಣಗೆ ಮಾಡಿಕೊಂಡು, "ನಿಮ್ಮ ಯಜಮಾನ್ರು ತುಂಬ ಒಳ್ಳೆಯವರು" ಅಂದ.

"ಒಳ್ಳೆಯವನೇ. ನೀವು ಬೇರೆ ಮನೆ ಉಳಿಸಿದೀರಿ."

"ಇಲ್ಲಮ್ಮ, ಅವರು ಹೇಳಿದ್ದೇ. ಮೂರನೇದು."

"ಬಾವಿ ಕಡೆಯಿಂದ ಮೂರನೇದು ಸಾರ್."

"ಬಾವಿ ಅಂತ ಅವರು ಹೇಳ್ಲಿಲ್ವಲ್ಲ."

"ದೊಡ್ಡಮನೆ ಅಂತನೂ ಹೇಳ್ಲಿಲ್ಲ."

"ನೋಡೀಮ್ಮಾ, ನಾವು ಗೇಟಿಂದ ಬರ್ತೀವಿ, ದೊಡ್ಡಮನೆ ಮೊದಲು ಸಿಗುತ್ತೆ, ಅಲ್ಲಿಂದ ಎಣಿಸ್ತೀವಿ. ಎಲ್ಲಿಂದ ಎಣಿಸಿದ್ರೂ ಮೂರು ಮೂರೇ ಅಲ್ವಾ?"

"ಮೂರು ಮೂರೇ ಸಾರ್. ಮನೆ ಬೇರೆ."

ಅವನು ನಕ್ಕ. ಕೆಟ್ಟ ನಗೆಯಲ್ಲ. ಆದರೆ ನನಗೆ ಆ ಮೇಜನ್ನು ಎತ್ತಿ ಬೀಳಿಸಬೇಕು ಅನ್ನಿಸಿತು. "ಎಲ್ಲ ಒಂದೇ ಥರದ ಕೋಣೆಗಳಲ್ವಾ" ಅಂದ. ಬೋರ್ಡಿನ ಮೇಲೂ ಹಾಗೇ ಬರೆಸಿದ್ದರು, ಕಾರ್ಮಿಕರ ಕೋಣೆ ಅಂತ. ಅದರಲ್ಲಿ ಹುಟ್ಟಿದವನು, ಅಡುಗೆ ಮಾಡಿದವಳು ಯಾರು ಅಂತ ಇಲ್ಲ. ದೊಡ್ಡಮನೆಯಲ್ಲಾದರೆ ನಾಯಿ ಮಲಗುತ್ತಿದ್ದ ಬುಟ್ಟಿಗೂ ಚೀಟಿ ಇದೆ, ನಾಯಿಯ ಹೆಸರೂ ಇದೆ.

ಆಮೇಲೆ ಅಲೆದದ್ದೇ ಅಲೆದದ್ದು. ಸಾಹೇಬರು ಕೂರುವುದು ಬೇರೆ ಊರಿನಲ್ಲಿ. ಹೋದರೆ ಮೀಟಿಂಗ್. ಮೀಟಿಂಗ್ ಮುಗಿದರೆ ಊಟ. ಊಟ ಮುಗಿದರೆ ಮತ್ತೆ ಮೀಟಿಂಗ್. ಹೊರಗೆ ಕೂತಿದ್ದ ಗುಮಾಸ್ತ ಪ್ರತಿ ಸಲವೂ ಅದೇ ಪ್ರಶ್ನೆ ಕೇಳುತ್ತಿದ್ದ.

"ಏನು, ಗಂಡನ ಕೆಲಸ ಮಗಳಿಗೆ ಕೊಡಿ ಅಂತಲಾ?"

"ಅಲ್ಲ. ಒಲೆ."

"ಒಲೆ? ಸ್ಟೌ ಕೊಡೋದು ನಮ್ಮ ಇಲಾಖೆ ಅಲ್ಲಮ್ಮ."

ಇದನ್ನು ಬಂದು ಮಗಳಿಗೆ ಹೇಳಿದರೆ ಅವಳು ಮೊದಲು ನಕ್ಕಳು, ಆಮೇಲೆ ಸಿಡಿದಳು. "ಅಮ್ಮಾ, ಅಪ್ಪನೇ ಇಲ್ಲ. ಮಣ್ಣಲ್ಲಿರೋ ಗುಳಿ ಯಾವುದಾದ್ರೇನು? ಅಪ್ಪ ಸಮಾಧಾನವಾಗಿ ಹೋದ್ರು, ಸಾಕು."

"ಸುಳ್ಳು ಕೇಳಿಸ್ಕೊಂಡು ಹೋದ. ಅದೂ ನಾನೇ ಫೋನ್ ಹಿಡಿದು ಕೇಳಿಸಿದ್ದು."

"ನಿನಗೆ ಗೊತ್ತಿತ್ತಾ?"

"ಗೊತ್ತಿರ್ಲಿಲ್ಲ. ಅದಕ್ಕೇ ಹೊಟ್ಟೆ ಉರಿಯೋದು."

ಇಬ್ಬರೂ ಮಾತು ಬಿಟ್ಟೆವು. ಒಂದೇ ಮನೆಯಲ್ಲಿ ಎರಡು ದಿನ ಪಾತ್ರೆಗಳೇ ಮಾತಾಡಿದವು. ಆಮೇಲೆ ಅವಳೇ ಮೇಡಂ ನಂಬರು ಹುಡುಕಿ ಫೋನ್ ಮಾಡಿದಳು. ಮೇಡಂ ಆ ಕಡೆಯಿಂದ, "ಅಯ್ಯೋ, ಅಯ್ಯೋ" ಅಂದದ್ದು ನನಗೂ ಕೇಳಿಸಿತು. ಆಕೆ ಸಾಹೇಬರಿಗೆ ಹೇಳಿದಳು. ಅವರೇ ಕರೆಸಿದರು.

ಸಾಹೇಬರು ಕುರ್ಚಿ ಕೊಟ್ಟರು, ಟೀ ತರಿಸಿದರು. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಜಗಳಕ್ಕೆ ಅಂತಲೇ ಹೋದವಳಿಗೆ ಟೀ ಕೊಟ್ಟರೆ ಏನು ಮಾಡುವುದು? ಕಂಪ್ಯೂಟರಿನಲ್ಲಿ ಫೋಟೋ ತೋರಿಸಿದರು.

"ಇದೇ ಒಲೆನಾ?"

ಅದೇ. ಬಾಯಿ ಎಡಕ್ಕೆ. ಪಕ್ಕದಲ್ಲಿ ಕಪ್ಪು ಬಿಳುಪು ಪಟ್ಟಿಯ ಅಳತೆಕೋಲು. ನಾನು ತಲೆ ಆಡಿಸಿದೆ.

"ತಪ್ಪು ನಮ್ಮದೇ ಅಮ್ಮ. ನಾನೂ ಕೇಳಬೇಕಿತ್ತು, ಎಲ್ಲಿಂದ ಅಂತ" ಅಂದರು. "ಸರಿ ಮಾಡಬಹುದು. ಮುಚ್ಚಿದ್ದನ್ನ ಮತ್ತೆ ತೆಗೀಬಹುದು. ಆದ್ರೆ ಒಂದೇ ಕೋಣೆಗೆ ಒಪ್ಪಿಗೆ ಇರೋದು. ಶೀಟು, ಕಂಬ ಆ ಕಡೆ ಸಾಗಿಸಿ, ಈಗ ಇರೋದನ್ನ ಮುಚ್ಚಬೇಕಾಗುತ್ತೆ. ನೀವು ಹೂಂ ಅಂದ್ರೆ ಬರೋ ವಾರಾನೇ ಮಾಡಿಸ್ತೀನಿ."

ಹೂಂ ಅನ್ನಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅವರ ಫೋನ್ ಬಡಿದುಕೊಂಡಿತು. ಅವರು ಕೈಸನ್ನೆ ಮಾಡಿ, "ನಾಳೆ ಫೋನ್ ಮಾಡಿ ಹೇಳಿ ಸಾಕು" ಅಂದರು. ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಗಂಡನ ಜೊತೆ ಮನಸ್ಸಿನಲ್ಲೇ ಮಾತಾಡಿದೆ. ನೋಡು, ನಿನ್ನ ಗದ್ದದ ಕೆಲಸವನ್ನು ನಾನು ಬಾಯಿಂದ ಸರಿ ಮಾಡಿದೆ ಅಂತ ಜಂಬ ಕೊಚ್ಚಿದೆ. ಮನೆಗೆ ಹೋಗದೆ ನೇರ ದೊಡ್ಡಮನೆ ಹತ್ತಿರವೇ ಇಳಿದೆ. ಬಸ್ಸುಗಳನ್ನು ಎಲ್ಲಿ ಓಡಿಸುತ್ತಾರೆ, ಎಲ್ಲಿ ಅಗೆಯುತ್ತಾರೆ ಅಂತ ನೋಡುವ ಆಸೆ.

ನೀಲಿ ಶೀಟಿನ ಕೆಳಗೆ, ಹಗ್ಗದ ಒಳಗೆ, ಒಬ್ಬಳು ನೆಲದ ಮೇಲೆ ಮಲಗಿದ್ದಳು. ಜ್ಞಾನ ತಪ್ಪಿ ಬಿದ್ದಿದ್ದಾಳೆ ಅಂದುಕೊಂಡು ಓಡಿದೆ. ನೋಡಿದರೆ ನಮ್ಮ ಬೀದಿಯ ಹೊಲಿಗೆಯವಳು. ಕೊಡದಮ್ಮನ ಮಗಳು. ನನ್ನ ಗಂಡನ ಓರಗೆಯವಳು. ಅವಳು ಹೊಲಿದ ಬಟ್ಟೆಗಳು ಇಸ್ತ್ರಿಗೆ ನನ್ನ ಅಂಗಡಿಗೇ ಬರುತ್ತವೆ.

"ಏನೇ ಇದು? ಏಳು, ಕಾವಲಿನವನು ನೋಡಿದ್ರೆ ಬೈತಾನೆ."

"ಅವನಿಗೆ ಹೇಳೇ ಬಂದಿದೀನಿ" ಅಂದಳು ಮಲಗಿದಲ್ಲಿಂದಲೇ. "ಐದು ಜನ ಮಲಗ್ತಿದ್ವಿ ಇದರಲ್ಲಿ. ಹೆಂಗೆ ಹಿಡಿಸ್ತಿದ್ವೋ ಅಂತ ನೋಡ್ತಿದೀನಿ. ನನಗೊಬ್ಬಳಿಗೇ ಸಾಲಲ್ಲ ಈಗ. ಹೊಟ್ಟೆ ಬಂದ್ಬಿಟ್ಟಿದೆ."

ಎದ್ದು ಕೂತು ಸೀರೆಯ ಧೂಳು ಕೊಡವಿಕೊಂಡಳು. ಆಮೇಲೆ ನನ್ನ ಕೈ ಹಿಡಿದುಕೊಂಡಳು. ನನಗೆ ಯಾಕೋ ಹೆದರಿಕೆಯಾಯಿತು.

"ನಿನ್ನ ಹತ್ರ ಹೇಳ್ಬೇಕು ಅಂತ ಎಷ್ಟು ದಿನದಿಂದ ಅಂದ್ಕೊಂಡಿದೀನಿ. ಸತ್ತ ಮನೇಲಿ ಹೇಳೋದು ಹೆಂಗೆ ಅಂತ ಸುಮ್ಮನಿದ್ದೆ. ನಿನ್ನ ಗಂಡ ಅವನ ಮನೆ ಬಿಟ್ಟು ನಮ್ಮನೆ ಉಳಿಸ್ದ ನೋಡು. ನಮ್ಮಮ್ಮಂಗೂ ನಿಮ್ಮತ್ತೆಗೂ ಮುಖ ಕಂಡ್ರೆ ಆಗ್ತಿರ್ಲಿಲ್ಲ. ಆದ್ರೂ. ಎಷ್ಟು ದೊಡ್ಡ ಮನಸ್ಸು ಅವನದು!"

ದೊಡ್ಡ ಮನಸ್ಸು! ಅವನ ಮನಸ್ಸು ನನಗೆ ಗೊತ್ತಿಲ್ಲವೇ? ಕೊಡದಮ್ಮನ ಮನೆ ಉಳಿಯುತ್ತದೆ ಅಂದಿದ್ದರೆ ಅವನೇ ಮೊದಲ ಬುಟ್ಟಿ ಮಣ್ಣು ಸುರಿಯುತ್ತಿದ್ದ. ಅದನ್ನು ಹೇಳಲು ನಾಲಿಗೆ ತುದಿಗೆ ಬಂದಿತ್ತು. ಹೇಳಬೇಕಿತ್ತು. ಇದು ಎಣಿಕೆಯ ತಪ್ಪು, ಬರುವ ವಾರ ಮುಚ್ಚುತ್ತಾರೆ, ನಾನೇ ಮುಚ್ಚಿಸುತ್ತಿದ್ದೇನೆ ಅಂತ.

ಅವಳು ನೆಲ ತೋರಿಸುತ್ತಿದ್ದಳು. ಇಲ್ಲಿ ಅಮ್ಮ, ಇಲ್ಲಿ ನಾನು, ಬಾಗಿಲ ಹತ್ತಿರ ಅಪ್ಪ, ಕುಡಿದು ಬಂದ ದಿನ ಬಾಗಿಲ ಹೊರಗೆ ಅಪ್ಪ. ಹೇಳಿ ತಾನೇ ನಕ್ಕಳು.

"ನಿಮ್ಮ ಮನೆ ಎಲ್ಲಿ ಬರುತ್ತೆ ಈಗ?" ಅಂತ ಕೇಳಿದಳು.

"ಆ ಬಸ್ಸಿನ ಕೆಳಗೆ."

ಅವಳು ಬಸ್ಸನ್ನು ನೋಡಿದಳು. ನಗು ನಿಂತಿತು. "ಪಾಪ" ಅಂದಳು. ಆ ಪಾಪ ನನಗೆ ಚುಚ್ಚಿತು. ಎದ್ದು ಬಂದುಬಿಟ್ಟೆ.

ಮಾರನೇ ದಿನ ಫೋನ್ ಮಾಡಿದೆ. ಸಾಹೇಬರೇ ಎತ್ತಿದರು.

"ಮುಚ್ಚಬೇಡಿ ಸಾರ್. ಇದ್ದ ಹಾಗೇ ಇರಲಿ."

"ಯಾಕಮ್ಮ? ಅಷ್ಟು ಓಡಾಡಿದ್ರಿ."

"ಅಲ್ಲಿ ಒಬ್ಬಳು ಬಂದು ಮಲಗ್ತಾಳೆ."

ಅವರಿಗೆ ಅರ್ಥವಾಗಲಿಲ್ಲ. ಎಲ್ಲ ಹೇಳಿದೆ. ಕೇಳಿ, "ದೊಡ್ಡ ಮನಸ್ಸು ನಿಮ್ಮದು" ಅಂದರು. ಇದನ್ನು ಇನ್ನು ಯಾರಾದರೂ ಅಂದರೆ ಕಪಾಳಕ್ಕೆ ಬಿಡುತ್ತೇನೆ.

"ಮನಸ್ಸು ದೊಡ್ಡದಲ್ಲ ಸಾರ್. ತಪ್ಪು ನಿಮ್ಮದು, ಮಣ್ಣು ಹಾಕೋದು ನನ್ನ ಕೈಲಿ. ಅದಾಗಲ್ಲ ಅಂದೆ ಅಷ್ಟೇ. ಎರಡೂ ತೆಗೀಬಹುದಲ್ವಾ?"

"ಒಂದಕ್ಕೇ ಒಪ್ಪಿಗೆ ಅಮ್ಮ."

"ಹಂಗಾದ್ರೆ ನಮ್ಮ ಮನೆ ಮೇಲೆ ಬಸ್ಸಾದ್ರೂ ನಿಲ್ಲಿಸ್ಬೇಡಿ."

"ನೋಡೋಣ, ಹೇಳಿ ನೋಡ್ತೀನಿ" ಅಂದರು.

ಏನೂ ಆಗಲಿಲ್ಲ. ಸಾಹೇಬರು ಇಂಜಿನಿಯರಿಗೆ ಹೇಳಿದರಂತೆ, ಇಂಜಿನಿಯರು ಕಾವಲಿನವನಿಗೆ, ಕಾವಲಿನವನು ಯಾರಿಗೂ ಇಲ್ಲ. ನಾನು ಒಳ್ಳೆಯದು ಮಾಡಿದೆ ಅಂತ ನನಗೆ ಒಂದು ದಿನವೂ ಅನ್ನಿಸಿಲ್ಲ. ಹೊಲಿಗೆಯವಳು ಬಟ್ಟೆಗಂಟು ತಂದಾಗ ನಗುತ್ತಾಳೆ, ನಾನೂ ನಗುತ್ತೇನೆ, ಅವಳು ಹೋದ ಮೇಲೆ ಇಸ್ತ್ರಿಪೆಟ್ಟಿಗೆಯನ್ನು ಕುಕ್ಕುತ್ತೇನೆ.

ಹೋದ ರಜದ ದಿನ ಅಲ್ಲಿಗೆ ಹೋಗಿದ್ದೆ. ಒಂದು ದೊಡ್ಡ ಬಸ್ಸು ಸರಿಯಾಗಿ ಮೂರನೇ ಮನೆಯ ಮೇಲೆಯೇ ನಿಂತಿತ್ತು. ಡ್ರೈವರ್ ಮೇಲೆ ಕೂತು ಕಾಲು ಚಾಚಿ ಬಿಸ್ಕತ್ತು ತಿನ್ನುತ್ತಿದ್ದ. ನಾನು ಅಲ್ಲೇ ನಿಂತದ್ದನ್ನು ನೋಡಿ ಕಿಟಕಿಯಿಂದ ತಲೆ ಹಾಕಿದ.

"ಏನಮ್ಮಾ, ಯಾರಿಗೆ ಕಾಯ್ತಿದೀರಾ?"

"ಯಾರಿಗೂ ಇಲ್ಲ. ನಿಮ್ಮ ಬಸ್ಸು ನಮ್ಮತ್ತೆ ಅಡುಗೆಮನೆ ಮೇಲೆ ನಿಂತಿದೆ."

ಅವನು ಇಳಿದು ಬಂದ. ಬಗ್ಗಿ ಬಸ್ಸಿನ ಕೆಳಗೆ ನೋಡಿದ. ಜಲ್ಲಿ ಬಿಟ್ಟರೆ ಏನೂ ಇಲ್ಲ. ನನ್ನ ಮುಖ ನೋಡಿದ. ಹುಚ್ಚಿ ಅಂದುಕೊಂಡನೋ ಏನೋ, ಆದರೂ ಒಂದು ಮಾತು ಎದುರು ಆಡಲಿಲ್ಲ. ಬಿಸ್ಕತ್ತು ಜೇಬಿಗೆ ಹಾಕಿಕೊಂಡು ಮೇಲೆ ಹತ್ತಿ, ಬಸ್ಸನ್ನು ಬಾವಿ ಕಡೆಗೆ ಸ್ವಲ್ಪ ಸರಿಸಿದ.

"ಈಗ ಸರಿನಾ?"

"ಈಗ ಎರಡನೇ ಮನೆ ಮೇಲಿದೆ."

"ಅದೂ ಮನೆನಾ?"

"ಹೂಂ. ಅದರಾಚೆ ಒಂದನೇದು. ಆಚೆ ಬಾವಿ."

ಅವನು ಇಂಜಿನ್ ಆರಿಸಿ, ಸ್ಟೀರಿಂಗ್ ಮೇಲೆ ಎರಡೂ ಕೈ ಇಟ್ಟುಕೊಂಡು, ಉದ್ದಕ್ಕೂ ಆ ಜಲ್ಲಿಯನ್ನು ನೋಡಿದ.

"ಮತ್ತೆ ಎಲ್ಲಿ ನಿಲ್ಲಿಸ್ಲಿ ಹೇಳಮ್ಮ?" ಅಂದ.

ಅವನು ನಿಜವಾಗಿಯೇ ಕೇಳುತ್ತಿದ್ದ.